ಆಗ್ಡನ್ನನ ಪದಪಟ್ಟಿ

ರಾಜ್ಯಶಾಸ್ತ್ರದ ಮೊದಲನೆಯ ತರಗತಿಯಲ್ಲಿ ಇಂಗ್ಲಿಷ್ ಪದಗಳು ನನ್ನ ತಲೆಯ ಮೇಲೆಯೇ ಹಾದುಹೋದುವು. ಹೆಬ್ಬೆಟ್ಟೊತ್ತುವ ತಂದೆಯ ಮಗ ನಾನು. ಮನೆಯಲ್ಲಿ ಕೇಳೋಣವೆಂದರೆ ಯಾರಿದ್ದರು? ಆದ್ದರಿಂದಲೇ ಚಾರ್ಲ್ಸ್ ಕೇ ಆಗ್ಡನ್ನನ ಜೀವನ ನನಗೆ ಹತ್ತಿರದ್ದೆನಿಸಿತು.

1889ರಲ್ಲಿ ಇಂಗ್ಲೆಂಡಿನ ಫ್ಲೀಟ್‌ವುಡ್ಡಿನಲ್ಲಿ ಹುಟ್ಟಿದ ಈತನು ಕೇಂಬ್ರಿಜ್ಜಿನಲ್ಲಿ ಓದಿ, 1912ರಲ್ಲಿ ಅಲ್ಲಿಯೇ ಒಂದು ಪತ್ರಿಕೆಯನ್ನು ಹೊರಡಿಸಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶತ್ರುದೇಶದ ಪತ್ರಿಕೆಗಳ ಅಭಿಪ್ರಾಯಗಳನ್ನೂ ಅನುವಾದಿಸಿ ಅಚ್ಚುಮಾಡಿದ್ದು ಹಲವರಿಗೆ ಸೇರಲಿಲ್ಲ. 1918ರಲ್ಲಿ ಕದನವಿರಾಮವಾದ ದಿನ ಗುಂಪೊಂದು ಅವನ ಅಂಗಡಿಯನ್ನು ಒಡೆದುಹಾಕಿತು. ಅಂದು ರಾತ್ರಿ ಗೆಳೆಯ ಐ. ಎ. ರಿಚರ್ಡ್ಸನೊಡನೆ ಮೆಟ್ಟಿಲ ಮೇಲೆ ನಿಂತು ಪದಗಳ ಅರ್ಥವನ್ನು ಕುರಿತು ಚರ್ಚಿಸಿದನಂತೆ! ಅದರ ಫಲವಾಗಿ 1923ರಲ್ಲಿ ಇಬ್ಬರೂ ಕೂಡಿ ಬರೆದ ಗ್ರಂಥ ಬಂತು.

1930ರಲ್ಲಿ ಪರಭಾಷಿಕರಿಗಾಗಿ ‘ಬೇಸಿಕ್ ಇಂಗ್ಲಿಷ್’ ಹೊರಟಿತು: 850 ಪದ, ಅದರಲ್ಲಿ ಕ್ರಿಯಾಪದ 18 ಮಾತ್ರ. ಪಟ್ಟಿಯಲ್ಲಿ ಗೌರ್ನಮೆಂಟ್, ಲಾ, ಟ್ಯಾಕ್ಸ್, ಪ್ರೊಟೆಸ್ಟ್ ಇವೆ. ವೋಟ್ ಇಲ್ಲ, ಎಲೆಕ್ಷನ್ನೂ ಇಲ್ಲ. ತೆರಿಗೆ ತೆರುವವನಿಗೆ ಮತದ ಮಾತು ಬೇಡವೆ? ಇದ್ದ ಪದಗಳನ್ನೇ ಜೋಡಿಸಿ ಹೇಳಬೇಕೆಂಬುದು ಅವನ ಕ್ರಮ. ನಾನೂ ಸಾವರಿನ್ಟಿ ಎಂಬುದನ್ನು ಹಾಗೆ ಬಿಡಿಸಿ ಬರೆಯಲು ಹೊರಟೆ. ಆಗಲೇ ಅದು ನನಗೆ ಅರ್ಥವಾದದ್ದು. ವೋಟನ್ನು ಮಾತ್ರ ನನ್ನ ಪಟ್ಟಿಗೆ ಸೇರಿಸಿಕೊಂಡೆ.

1943ರಲ್ಲಿ ಚರ್ಚಿಲ್ಲನೇ ಈ ಯೋಜನೆಯನ್ನು ಬೆಂಬಲಿಸಿದನು. ಯುದ್ಧಾನಂತರ ಆ ಉತ್ಸಾಹ ಇಳಿಯಿತು. ಆಗ್ಡನ್ನನು 1957ರಲ್ಲಿ ತೀರಿಕೊಂಡನು.