ಮತ್ತೆ ಮತ್ತೆ ಹೊರಟ ದೋಣಿ

ಮಕ್ಕಳೇ, ಈ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಇಂಗ್ಲೆಂಡಿನ ನಾರ್ಫಕ್ ಕಡೆ ಹೊರಟರೆ ಕ್ರೋಮರ್ ಊರಿಗೂ ಹೋಗೋಣ ಎಂದು ಹಟ ಹಿಡಿಯಿರಿ. ಅಲ್ಲಿಯ ಪಿಯರ್‌ನ ತುತ್ತತುದಿಯಲ್ಲಿ ಜೀವರಕ್ಷಕ ದೋಣಿಯ ನಿಲ್ದಾಣವಿದೆ. ಕಡಲಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡಲು ಈ ಊರಿನವರು 1804ರಲ್ಲೇ ದೋಣಿ ಇಟ್ಟುಕೊಂಡಿದ್ದರು. ಇಂಥ ಜೀವರಕ್ಷಕ ದೋಣಿಗಳನ್ನು ನಡೆಸುವ ಆರ್‌ಎನ್‌ಎಲ್‌ಐ ಸಂಸ್ಥೆ ಹುಟ್ಟಿದ್ದು ಅದಾಗಿ 20 ವರ್ಷಕ್ಕೆ.

ಇಲ್ಲಿಯ ಹೆನ್ರಿ ಬ್ಲಾಗ್ ಎಂಬವರನ್ನು ನೀವು ತಿಳಿದಿರಲೇಬೇಕು. ಅವರು ಏಡಿ ಹಿಡಿಯುವ ಬೆಸ್ತರು. ಬೇಸಿಗೆಯಲ್ಲಿ ದಂಡೆಗೆ ಬಂದವರಿಗೆ ಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. 1894ರಲ್ಲಿ ದೋಣಿಯ ತಂಡ ಸೇರಿ, 1909ರಲ್ಲಿ ಅದರ ಮುಖ್ಯಸ್ಥರಾಗಿ ಚುಕ್ಕಾಣಿ ಹಿಡಿದರು. ಅವರಿಗೆ ಈಜು ಬರುತ್ತಿರಲಿಲ್ಲ! ಆದರೆ ಗಾಳಿ ಎತ್ತ ತಿರುಗುತ್ತದೆ, ಅಲೆ ಎಲ್ಲಿ ಒಡೆಯುತ್ತದೆ ಎಂಬುದು ನೋಡಿದೊಡನೆ ತಿಳಿಯುತ್ತಿತ್ತು. ಮಲ್ಪೆ, ಕಾರವಾರದ ಕಡೆಯ ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ, ಆ ವಿದ್ಯೆ ಎಷ್ಟು ದೊಡ್ಡದೆಂದು ಹೇಳುತ್ತಾರೆ.

1917ರ ಜನವರಿ 9. ಮೊದಲ ಮಹಾಯುದ್ಧದ ಕಾಲ. ಊರಿನ ಹುಡುಗರೆಲ್ಲ ಯುದ್ಧಕ್ಕೆ ಹೋಗಿದ್ದರು. ದೋಣಿಯಲ್ಲಿದ್ದವರು ಹೆಚ್ಚಾಗಿ ವಯಸ್ಸಾದವರೇ. ದೋಣಿಗೆ ಎಂಜಿನ್ ಇಲ್ಲ, ಹುಟ್ಟು ಹಾಕಬೇಕು. ಬಿರುಗಾಳಿಯಲ್ಲಿ ಸಿಕ್ಕಿಕೊಂಡಿದ್ದ ಪೈರಿನ್ ಎಂಬ ಗ್ರೀಕ್ ಹಡಗಿನಿಂದ ಎಲ್ಲರನ್ನೂ ಕರೆತಂದು, ನೆನೆದು ನಡುಗುತ್ತ ದಡ ಮುಟ್ಟಿದರು. ಅಷ್ಟರಲ್ಲಿ ಫರ್ನೆಬೊ ಎಂಬ ಸ್ವೀಡನ್ ಹಡಗು ಸ್ಫೋಟವಾಗಿ ಎರಡು ಹೋಳಾಯಿತು. ಬ್ಲಾಗ್ ಮತ್ತೆ ಹೊರಟರು. ಊರಿನ ಜನ ಎದೆಮಟ್ಟದ ನೀರಿಗಿಳಿದು ದೋಣಿ ನೂಕಿದರು. ಅಲೆ ಅದನ್ನು ದಂಡೆಗೇ ಎಸೆಯಿತು, ಹುಟ್ಟುಗಳು ಮುರಿದವು. ಬೇರೆ ಹುಟ್ಟು ತಂದು ಮತ್ತೆ ಹೊರಟು, ಆ ರಾತ್ರಿ 11 ಜನರನ್ನು ಉಳಿಸಿದರು. ಬ್ಲಾಗ್‌ಗೆ ಚಿನ್ನದ ಪದಕ ಬಂತು. ನೀರಿಗಿಳಿದು ದೋಣಿ ನೂಕಿದವರ ಪಾಲೂ ಅದರಲ್ಲಿದೆ ಎಂದೇ ನನ್ನ ನಂಬಿಕೆ.

ಆಮೇಲೆ ಎಂಜಿನ್ ಇರುವ ದೋಣಿಗಳು ಬಂದವು. 1932ರಲ್ಲಿ ಮರಳುದಿಬ್ಬಕ್ಕೆ ಸಿಕ್ಕಿ ಒಡೆದ ಮಾಂಟೆ ನೆವೋಸೊ ಎಂಬ ಇಟಲಿಯ ಹಡಗಿನಿಂದ ಬ್ಲಾಗ್ ಒಂದು ದೊಡ್ಡ ನಾಯಿಯನ್ನೂ ಕಾಪಾಡಿ ತಂದರು. ಅದಕ್ಕೆ ಮಾಂಟೆ ಎಂದು ಹೆಸರಿಟ್ಟು ತಾವೇ ಸಾಕಿದರು. 1941ರ ಆಗಸ್ಟ್‌ನಲ್ಲಿ ಹ್ಯಾಸ್ಬರೋ ಎಂಬ ಮರಳುದಿಬ್ಬದಲ್ಲಿ ಸಾಲುಸಾಲಾಗಿ ಹಡಗುಗಳು ಸಿಕ್ಕಿಕೊಂಡಾಗ ಮಾಡಿದ ಕೆಲಸಕ್ಕೆ ಮೂರನೇ ಚಿನ್ನದ ಪದಕ.

1947ರಲ್ಲಿ ನಿವೃತ್ತರಾಗುವ ಹೊತ್ತಿಗೆ 53 ವರ್ಷ ಸೇವೆ, ಉಳಿಸಿದ ಜೀವಗಳು 873. ಅವರು ನಡೆಸಿದ ‘ಎಚ್ ಎಫ್ ಬೈಲಿ’ ದೋಣಿ ಈಗ ಅವರ ಹೆಸರಿನದೇ ಮ್ಯೂಸಿಯಂನಲ್ಲಿದೆ. ಪಿಯರ್‌ನ ನಿಲ್ದಾಣಕ್ಕೆ ಇಂದಿಗೂ ಕರೆ ಬರುತ್ತದೆ. ಕರೆ ಬಂದೊಡನೆ ತಮ್ಮ ತಮ್ಮ ಕೆಲಸ ಬಿಟ್ಟು ಓಡಿಬರುವವರು ಆ ಊರಿನ ಸ್ವಯಂಸೇವಕರೇ.