ಫರ್ಡಿನಾಂಡ್ ದ ಲೆಸೆಪ್ಸ್: ಕಾಲುವೆ, ಸಂಧಾನ ಮತ್ತು ಬಿಟ್ಟಿ

ಸೂಯೆಜ್ ಕಾಲುವೆಯ ನಿರ್ಮಾತೃ ಎಂದು ಹೆಸರಾದ ಫರ್ಡಿನಾಂಡ್ ದ ಲೆಸೆಪ್ಸ್ ಎಂಜಿನಿಯರನಾಗಿರಲಿಲ್ಲ, ಬಂಡವಾಳಗಾರನೂ ಆಗಿರಲಿಲ್ಲ. ಅವನು ಫ್ರಾನ್ಸಿನ ರಾಯಭಾರ ಸೇವೆಯಲ್ಲಿ ಪಳಗಿದವನು. ಒಂದು ದೇಶದ ನೆಲ, ಇನ್ನೊಂದು ದೇಶದ ಹಣ, ಮತ್ತೊಂದರ ಸಾರ್ವಭೌಮತ್ವ ಇವು ಒಂದೇ ಕಾಮಗಾರಿಯಲ್ಲಿ ಎದುರುಬದುರಾದಾಗ ಏಳುವ ಸಂಘರ್ಷಗಳನ್ನು ಅರಿಯಲು ಅವನ ಬದುಕು ಮಹತ್ವದ ನಿದರ್ಶನವಾಗಿದೆ. ಆ ಬದುಕನ್ನು ಸೂಯೆಜಿನ ಗೆಲುವು, ಪನಾಮಾದ ಸೋಲು ಎಂದು ಎರಡಾಗಿ ಸೀಳಿ ನೋಡುವುದು ರೂಢಿ. ಎರಡರ ಹಿಂದೆಯೂ ಕೆಲಸ ಮಾಡಿದ್ದು ಒಂದೇ ಗುಣ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೆಸೆಪ್ಸ್ 1805ರ ನವೆಂಬರ್ 19ರಂದು ವರ್ಸೇಲ್ಸ್‌ನಲ್ಲಿ ರಾಯಭಾರಿಗಳ ಮನೆತನದಲ್ಲಿ ಜನಿಸಿದನು. 1832ರಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಉಪದೂತನಾಗಿ ಬಂದಾಗ ರೋಗಭೀತಿಯಿಂದ ಹಡಗಿನ ಪ್ರಯಾಣಿಕರನ್ನು ಕೆಲಕಾಲ ತಡೆಹಿಡಿಯಲಾಗಿತ್ತು. ಆ ಬಿಡುವಿನಲ್ಲಿ ಅವನು ಓದಿದ್ದು ನೆಪೋಲಿಯನ್ನನ ದಂಡಯಾತ್ರೆಯ ಕಾಲದ ಎಂಜಿನಿಯರ್ ಲೆಪೇರ್ ಬರೆದ ಕಾಲುವೆಯ ವರದಿಯನ್ನು. ಕೆಂಪು ಸಮುದ್ರವು ಮೆಡಿಟರೇನಿಯನ್ನಿಗಿಂತ ಸುಮಾರು 10 ಮೀಟರ್ ಎತ್ತರದಲ್ಲಿದೆ ಎಂಬ ಲೆಪೇರನ ತಪ್ಪು ಲೆಕ್ಕವನ್ನು 1847ರ ಅಳತೆ ಅಲ್ಲಗಳೆಯಿತು. ಈಜಿಪ್ಟಿನ ಆಳರಸ ಮಹಮ್ಮದ್ ಅಲಿಯ ಮಗ ಸಯೀದನ ಸ್ನೇಹ ಲೆಸೆಪ್ಸ್‌ಗೆ ದೊರೆತದ್ದೂ ಈ ಅವಧಿಯಲ್ಲಿಯೇ. ಸ್ಥೂಲಕಾಯದ ಬಾಲಕನಿಗೆ ತಂದೆ ವಿಧಿಸಿದ್ದ ಪಥ್ಯವನ್ನು ಮುರಿದು ಈತ ಗುಟ್ಟಾಗಿ ಊಟ ಹಾಕುತ್ತಿದ್ದನೆಂಬ ಐತಿಹ್ಯವಿದೆ. 1849ರಲ್ಲಿ ರೋಮ್ ಗಣರಾಜ್ಯದೊಡನೆ ನಡೆಸಿದ ಮಾತುಕತೆಯನ್ನು ಸ್ವದೇಶದ ಸರ್ಕಾರವೇ ತಿರಸ್ಕರಿಸಿದ್ದರಿಂದ ಅವನು ಸೇವೆಯನ್ನು ತೊರೆದನು. 1853ರಲ್ಲಿ ಹೆಂಡತಿಯನ್ನೂ ಒಬ್ಬ ಮಗನನ್ನೂ ಕಳೆದುಕೊಂಡನು. ಮರುವರ್ಷ ಸಯೀದ್ ಅಧಿಕಾರಕ್ಕೆ ಬಂದ ಸುದ್ದಿ ತಿಳಿದೊಡನೆ ಈಜಿಪ್ಟಿಗೆ ಹೊರಟನು.

1854ರ ನವೆಂಬರ್ 30ರಂದು ಸಯೀದ್ ಕಾಲುವೆಯ ಹಕ್ಕುಪತ್ರ ನೀಡಿದನು. ಕಾಲುವೆ ತೆರೆದ ದಿನದಿಂದ 99 ವರ್ಷ ಕಂಪನಿಗೆ ಅಧಿಕಾರ, ಈಜಿಪ್ಟಿಗೆ ನಿವ್ವಳ ಲಾಭದ ಶೇ. 15 ಎಂಬುದು ಅದರ ತಿರುಳು. ಆದರೆ ಸಯೀದ್ ತುರ್ಕಿ ಸುಲ್ತಾನನ ಅಧೀನದವನು. ಸುಲ್ತಾನನ ಸಮ್ಮತಿಯಿಲ್ಲದೆ ಹಕ್ಕುಪತ್ರಕ್ಕೆ ಪೂರ್ಣ ಸಿಂಧುತ್ವವಿರಲಿಲ್ಲ. ಸುಲ್ತಾನನ ಆಸ್ಥಾನದಲ್ಲಿ ಬ್ರಿಟನ್ನಿನ ಪ್ರಭಾವ ಬಲವಾಗಿತ್ತು. ಭಾರತದ ದಾರಿಯಲ್ಲಿ ಫ್ರೆಂಚರು ನೆಲೆಯೂರುವುದನ್ನು ಪಾಮರ್‌ಸ್ಟನ್ ಒಪ್ಪಲು ಸಿದ್ಧನಿರಲಿಲ್ಲ. ಈ ಬಿಕ್ಕಟ್ಟಿನಲ್ಲಿ ಲೆಸೆಪ್ಸ್‌ನ ವಿಧಾನ ಎರಡು ನೆಲೆಗಳದ್ದು. ಮೊದಲನೆಯದಾಗಿ, ಹಲವು ಯುರೋಪಿಯನ್ ದೇಶಗಳ ಎಂಜಿನಿಯರುಗಳ ಆಯೋಗವೊಂದನ್ನು ನೇಮಿಸಿ ಯೋಜನೆಗೆ ಅಂತರರಾಷ್ಟ್ರೀಯ ಮುದ್ರೆ ಒತ್ತಿಸಿದನು. ಎರಡನೆಯದಾಗಿ, ಸಮ್ಮತಿಗೆ ಕಾಯದೆ ಕೆಲಸ ಆರಂಭಿಸಿ, ನಡೆದುಹೋದ ಸಂಗತಿಯನ್ನೇ ವಾದವನ್ನಾಗಿ ಮಾಡಿಕೊಂಡನು. 1858ರಲ್ಲಿ ತಲಾ 500 ಫ್ರಾಂಕಿನ 4,00,000 ಷೇರುಗಳನ್ನು ಮಾರಾಟಕ್ಕಿಟ್ಟಾಗ ಅರ್ಧಕ್ಕಿಂತ ಹೆಚ್ಚನ್ನು ಫ್ರೆಂಚರು ಕೊಂಡರು. ಬ್ರಿಟನ್ ಮೊದಲಾದ ದೇಶಗಳಿಗೆಂದು ತೆಗೆದಿರಿಸಿದ ಪಾಲು ಉಳಿದುಹೋಗಿ, ಅದರ ಹೊರೆ ಸಯೀದನ ಮೇಲೆ ಬಿದ್ದಿತು. 1859ರ ಏಪ್ರಿಲ್ 25ರಂದು ಮುಂದೆ ಪೋರ್ಟ್ ಸಯೀದ್ ಎನಿಸಿಕೊಂಡ ಕಡಲತೀರದಲ್ಲಿ ಲೆಸೆಪ್ಸ್ ಮೊದಲ ಗುದ್ದಲಿ ಹಾಕಿದನು.

ಸಂಘರ್ಷದ ಆಳವಾದ ನೆಲೆ ದುಡಿಮೆಯದು. ಕೆಲಸಗಾರರಲ್ಲಿ ಐದರಲ್ಲಿ ನಾಲ್ಕು ಪಾಲು ಈಜಿಪ್ಟಿನವರಿರಬೇಕೆಂಬ ಕರಾರಿತ್ತು. ಅವರನ್ನು ಒದಗಿಸಿದ್ದು ಫ್ರೆಂಚರು ಕೊರ್ವೇ ಎಂದು ಕರೆದ ಕಡ್ಡಾಯ ದುಡಿಮೆಯ ವ್ಯವಸ್ಥೆ. ನೈಲ್ ನದಿಯ ಕಾಲುವೆಗಳನ್ನೂ ಏರಿಗಳನ್ನೂ ಕಾಯ್ದುಕೊಳ್ಳಲು ಹಳ್ಳಿಗರನ್ನು ಕರೆದೊಯ್ಯುವ ಹಳೆಯ ಪದ್ಧತಿಯನ್ನು ಪರದೇಶದ ಕಂಪನಿಯೊಂದು ಒಪ್ಪಂದದ ಭಾಷೆಗೆ ಅಳವಡಿಸಿಕೊಂಡಿತು. ಇದಕ್ಕೆ ಹತ್ತಿರದ ಪದ ನಮ್ಮ ಶಾಸನಗಳಲ್ಲಿ ಕಾಣಿಸುವ ಬಿಟ್ಟಿ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಕೂಲಿ ನಿಗದಿಯಾಗಿತ್ತು. ಬಾರೆನೆನ್ನುವ ಹಕ್ಕು ಮಾತ್ರ ಇರಲಿಲ್ಲ. 1862ರ ಹೊತ್ತಿಗೆ ತಿಂಗಳಿಗೊಮ್ಮೆ ಬದಲಾಗುವ ಸುಮಾರು 20,000 ಜನ ಮರಳುಗಾಡಿನಲ್ಲಿ ಅಗೆಯುತ್ತಿದ್ದರು. ಒಂದು ತಂಡ ದುಡಿಯುವಾಗ ಮತ್ತೊಂದು ದಾರಿಯಲ್ಲಿರುತ್ತಿದ್ದುದರಿಂದ ಹೊಲ ಬಿಟ್ಟವರ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು. ತಾನು ಸ್ಥಳೀಯ ಆಚಾರವನ್ನು ಗೌರವಿಸುತ್ತಿರುವೆನೆಂಬುದು ಲೆಸೆಪ್ಸ್‌ನ ಸಮರ್ಥನೆಯಾಗಿತ್ತು. ಆಚಾರವೆಂಬ ಹೆಸರಿನಲ್ಲಿ ಅವನು ಗೌರವಿಸಿದ್ದು ಆಳುವವನ ಅಧಿಕಾರವನ್ನೇ ಹೊರತು ಆಳಿಸಿಕೊಂಡವರ ಬದುಕನ್ನಲ್ಲ.

1863ರ ಜನವರಿಯಲ್ಲಿ ಸಯೀದ್ ತೀರಿಕೊಂಡಾಗ ವೈಯಕ್ತಿಕ ಸ್ನೇಹದ ಮೇಲೆ ನಿಂತಿದ್ದ ವ್ಯವಸ್ಥೆ ಅಲುಗಾಡಿತು. ಹೊಸದಾಗಿ ಬಂದ ಇಸ್ಮಾಯಿಲ್ ಕಾಲುವೆಯ ವಿರೋಧಿಯಲ್ಲ; ಆದರೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದ್ದ ಆ ದಿನಗಳಲ್ಲಿ ಅವನಿಗೆ ರೈತರು ಹೊಲದಲ್ಲಿ ಬೇಕಾಗಿದ್ದರು. ಬ್ರಿಟನ್ನಿನ ಒತ್ತಾಸೆಯಿಂದ ಸುಲ್ತಾನನೂ ಕಡ್ಡಾಯ ದುಡಿಮೆ ನಿಲ್ಲಬೇಕು, ಕಂಪನಿಗೆ ಕೊಟ್ಟ ಭೂಮಿ ಹಿಂದಿರುಗಬೇಕು ಎಂದು ಷರತ್ತು ಹಾಕಿದನು. ಮಾನವೀಯತೆ, ಹತ್ತಿಯ ಲಾಭ, ಸಾಮ್ರಾಜ್ಯದ ರಾಜಕಾರಣ ಈ ಮೂರೂ ಒಂದೇ ಬೇಡಿಕೆಯಲ್ಲಿ ಹೆಣೆದುಕೊಂಡಿದ್ದವು. ವಿವಾದವನ್ನು ಮೂರನೆಯ ನೆಪೋಲಿಯನ್ನನ ಮಧ್ಯಸ್ಥಿಕೆಗೆ ಒಪ್ಪಿಸಲಾಯಿತು. ಅವನ ರಾಣಿ ಯೂಜೆನಿ ಲೆಸೆಪ್ಸ್‌ಗೆ ತಾಯಿಯ ಕಡೆಯಿಂದ ಬಂಧುವಾಗಬೇಕು. ಷೇರುದಾರರು ಬಹುಮಟ್ಟಿಗೆ ಅವನ ಪ್ರಜೆಗಳೇ. 1864ರ ಜುಲೈನಲ್ಲಿ ಹೊರಬಿದ್ದ ತೀರ್ಪು ಕಡ್ಡಾಯ ದುಡಿಮೆಯನ್ನು ಕೊನೆಗೊಳಿಸಿ, ಕಂಪನಿಗೆ 8.4 ಕೋಟಿ ಫ್ರಾಂಕ್ ಪರಿಹಾರವನ್ನು ಈಜಿಪ್ಟ್ ಕೊಡಬೇಕೆಂದಿತು. ಅದರಲ್ಲಿ 3.8 ಕೋಟಿ ಬಿಟ್ಟಿಯಾಳುಗಳು ತಪ್ಪಿದ್ದಕ್ಕಾಗಿ, 3 ಕೋಟಿ ಭೂಮಿಗಾಗಿ, 1.6 ಕೋಟಿ ಸಿಹಿನೀರಿನ ಕಾಲುವೆಗಾಗಿ. ತನ್ನ ಪ್ರಜೆಗಳನ್ನು ಬಿಡಿಸಿಕೊಳ್ಳಲು ದೇಶವೊಂದು ಕಂಪನಿಗೆ ಹಣ ತೆರಬೇಕಾಯಿತು. ಆ ಬಳಿಕ ಹೂಳೆತ್ತುವ ಬೃಹತ್ ಉಗಿಯಂತ್ರಗಳು ಬಂದು, ಉಳಿದ ಕೆಲಸದ ಹೆಚ್ಚಿನ ಭಾಗವನ್ನು ಮುಗಿಸಿದವು. ಯಂತ್ರದಿಂದ ಆಗುವ ಕೆಲಸಕ್ಕೆ ಬಿಟ್ಟಿ ಅನಿವಾರ್ಯವೆಂದದ್ದು ಎಷ್ಟು ಟೊಳ್ಳು ಎಂಬುದು ಇದರಿಂದ ತಿಳಿಯುತ್ತದೆ.

ಸುಲ್ತಾನನ ಸಮ್ಮತಿ 1866ರ ಮಾರ್ಚಿನಲ್ಲಿ ದೊರೆಯಿತು. 1869ರ ನವೆಂಬರ್ 17ರಂದು ಯೂಜೆನಿಯ ನೌಕೆ ಮುಂದಾಗಿ ಕಾಲುವೆ ತೆರೆಯಿತು. ಅರವತ್ತನಾಲ್ಕರ ಲೆಸೆಪ್ಸ್ ಯುರೋಪಿನ ವೀರಪುರುಷನೆನಿಸಿದನು. ಇತ್ತ ಸಾಲದಲ್ಲಿ ಮುಳುಗಿದ ಇಸ್ಮಾಯಿಲ್ 1875ರಲ್ಲಿ ತನ್ನ 1,76,602 ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದನು. 1882ರಲ್ಲಿ ಬ್ರಿಟಿಷ್ ಸೈನ್ಯ ಈ ಕಾಲುವೆಯ ಮೂಲಕವೇ ಬಂದು ಈಜಿಪ್ಟನ್ನು ವಶಪಡಿಸಿಕೊಂಡಿತು.

ಈ ನಡುವೆ ಲೆಸೆಪ್ಸ್ ಪನಾಮಾದತ್ತ ಹೊರಳಿದ್ದನು. 1879ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಅವನದೇ ಅಧ್ಯಕ್ಷತೆಯಲ್ಲಿ ಸೇರಿದ ಸಮಾವೇಶವು ಸೂಯೆಜಿನಂತೆಯೇ ಸಮುದ್ರಮಟ್ಟದ ಕಾಲುವೆಯನ್ನು ಆಯ್ದಿತು. ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ, ಸರೋವರ ನಿರ್ಮಿಸಿ, ಹಡಗುಗಳನ್ನು ಜಲದ್ವಾರಗಳ ಮೂಲಕ ಏರಿಸಿ ಇಳಿಸಬೇಕೆಂದು ಎಂಜಿನಿಯರ್ ಗೊದಾಂ ದ ಲೆಪಿನೇ ಸೂಚಿಸಿದ್ದು ಬದಿಗೆ ಸರಿಯಿತು. ವಿರೋಧವನ್ನು ಮನವೊಲಿಕೆಯಿಂದಲೇ ಗೆದ್ದು ರೂಢಿಯಾದವನಿಗೆ, ತಜ್ಞನ ಭಿನ್ನಮತವೂ ರಾಯಭಾರಿಯ ಹಟದಂತೆಯೇ ಕಂಡಿತು. ಆದರೆ ಬೆಟ್ಟದ ಕುಸಿತಕ್ಕೂ ನದಿಯ ಪ್ರವಾಹಕ್ಕೂ ಸಂಧಾನ ತಿಳಿಯದು. ಕೆರಿಬಿಯನ್ ದ್ವೀಪಗಳಿಂದ ಬಂದ ಕೂಲಿಗಳು ಹಳದಿ ಜ್ವರ, ಮಲೇರಿಯಾಗಳಿಗೆ ಬಲಿಯಾದರು. ಫ್ರೆಂಚರ ಅವಧಿಯಲ್ಲಿ ಸತ್ತವರು 20,000ಕ್ಕೂ ಹೆಚ್ಚೆಂಬುದು ಒಪ್ಪಿತ ಅಂದಾಜು. 1887ರಲ್ಲಿ ಜಲದ್ವಾರಗಳಿಗೆ ಒಪ್ಪುವ ವೇಳೆಗೆ ತಡವಾಗಿತ್ತು. 1889ರಲ್ಲಿ ಕಂಪನಿ ದಿವಾಳಿಯಾಗಿ ಲಕ್ಷಾಂತರ ಸಣ್ಣ ಹೂಡಿಕೆದಾರರು ಹಣ ಕಳೆದುಕೊಂಡರು. 1893ರಲ್ಲಿ ವೃದ್ಧ ಲೆಸೆಪ್ಸ್‌ಗೆ ಐದು ವರ್ಷಗಳ ಶಿಕ್ಷೆಯಾದರೂ ಅದು ಜಾರಿಯಾಗದೆ ರದ್ದಾಯಿತು. 1894ರ ಡಿಸೆಂಬರ್ 7ರಂದು ಅವನು ತೀರಿಕೊಂಡನು. ಅಮೆರಿಕ 1914ರಲ್ಲಿ ತೆರೆದ ಪನಾಮಾ ಕಾಲುವೆ ಅಣೆಕಟ್ಟು, ಸರೋವರ, ಜಲದ್ವಾರಗಳದ್ದೇ ಆಗಿತ್ತು.

1956ರ ಜುಲೈ 26ರಂದು ನಾಸರ್ ಕಾಲುವೆಯನ್ನು ರಾಷ್ಟ್ರೀಕರಿಸಿದಾಗ, ಕಂಪನಿಯ ಕಚೇರಿಗಳನ್ನು ವಶಪಡಿಸಿಕೊಳ್ಳುವವರಿಗೆ ಅವನು ಭಾಷಣದಲ್ಲಿ ಕೊಟ್ಟ ಸಂಕೇತಪದ ಲೆಸೆಪ್ಸ್‌ನ ಹೆಸರೇ. ಆ ವರ್ಷದ ಕೊನೆಗೆ ಪೋರ್ಟ್ ಸಯೀದಿನಲ್ಲಿದ್ದ ಅವನ ಪ್ರತಿಮೆಯೂ ಉರುಳಿತು. ಒಟ್ಟಾರೆಯಾಗಿ, ಅರಸರ, ಮಂತ್ರಿಗಳ, ಷೇರುದಾರರ ನಡುವಣ ವಿರೋಧಗಳನ್ನು ಲೆಸೆಪ್ಸ್ ಅಸಾಧಾರಣವಾಗಿ ನಿಭಾಯಿಸಿದನು. ಆದರೆ ಮಾತುಕತೆಯ ಮೇಜಿಗೆ ಯಾರನ್ನು ಕರೆಯಬೇಕೆಂಬುದನ್ನು ಅವನೇ ನಿರ್ಧರಿಸುತ್ತಿದ್ದನು. ಸೂಯೆಜಿನಲ್ಲಿ ಹೊರಗುಳಿದವರು ಅಗೆಯುವ ರೈತರು, ಪನಾಮಾದಲ್ಲಿ ಭಿನ್ನಮತದ ತಜ್ಞರು. ಕೆರೆ ಕಟ್ಟಿಸಿದವರನ್ನು ಹೊಗಳುವ ನಮ್ಮ ಶಾಸನಗಳು ಮಣ್ಣು ಹೊತ್ತವರನ್ನು ಸಾಮಾನ್ಯವಾಗಿ ಹೆಸರಿಸುವುದಿಲ್ಲ. ಬಿಟ್ಟಿ ಎಂಬ ಪದದಲ್ಲಷ್ಟೇ ಅವರ ಸುಳಿವು ಉಳಿದಿದೆ. ಮಹಾನಿರ್ಮಾಣಗಳ ಚರಿತ್ರೆಯನ್ನು ಅಂಥ ಪದಗಳಿಂದ ಓದಲು ತೊಡಗಿದರೆ ಲೆಸೆಪ್ಸ್‌ನಂಥವರ ಜೀವನಚರಿತ್ರೆಯೂ ಬೇರೆಯಾಗಿ ಕಾಣುತ್ತದೆ.