ಬೀಳಗಿಯಿಂದ ಮುಂಬಯಿಗೆ: ಗಾಯಕಿ, ನಟಿ ಅಮೀರ್‌ಬಾಯಿ ಕರ್ನಾಟಕಿ



ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಬೀಜ, ಗೊಬ್ಬರ, ಸಾಲ, ವಸೂಲಿ ಇವುಗಳ ವಿಚಾರ ಸಾಕಷ್ಟು ಇದ್ದೇ ಇರುತ್ತದೆ. ನಾಡಿಗೆ ಹೆಸರು ತಂದ ಒಬ್ಬರ ಬಗ್ಗೆ ಬರೆದುಕೊಡಿ ಎಂದು ನಮಗೆ ಹೇಳಿದಾಗ ನಾವು ಮಂತ್ರಿ ಮಹೋದಯರ ಕಡೆಗೂ ಹೋಗಲಿಲ್ಲ, ಮಹಾರಾಜರ ಕಡೆಗೂ ಹೋಗಲಿಲ್ಲ. ಹೊಳೆ ದಂಡೆಯ ನಮ್ಮ ಹಲವಾಗಲು ಸೀಮೆಯವರಿಗೆ ಮೊದಲಿನಿಂದಲೂ ನಾಟಕದ ಹುಚ್ಚು. ಸುಗ್ಗಿ ಮುಗಿದರೆ ಸಾಕು, ಹಾರ್ಮೋನಿಯಂ ಮಾಸ್ತರರನ್ನು ಹುಡುಕಿಕೊಂಡು ಹೋಗುವ ಜನ ನಾವು. ಅಂತಹವರಿಗೆ ಅಮೀರ್‌ಬಾಯಿ ಕರ್ನಾಟಕಿಯವರ ಕಥೆ ಹೊರಗಿನದು ಅನಿಸಲಿಕ್ಕಿಲ್ಲ.

ಅಮೀರ್‌ಬಾಯಿಯವರು ಹುಟ್ಟಿದ್ದು ಬೀಳಗಿಯಲ್ಲಿ. ಆಗ ಅದು ವಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ ಜಿಲ್ಲೆ. ಹಾಡು, ತಬಲಾ, ನಾಟಕ ಇವೇ ಮನೆತನದ ಕಸುಬು. ಅಕ್ಕ ತಂಗಿಯರಲ್ಲಿ ಇವರ ಜೊತೆಗೆ ಹೆಸರಾದವರು ಗೋಹರ್‌ಬಾಯಿ. ಅವರು ಮರಾಠಿ ರಂಗಭೂಮಿಯ ದೊಡ್ಡ ನಟ ಬಾಲಗಂಧರ್ವರ ಕಂಪನಿ ಸೇರಿ, ಕೊನೆಗೆ ಅವರ ಬಾಳಿನ ಜೊತೆಗಾರ್ತಿಯೂ ಆದರು. ಅದಕ್ಕಾಗಿ ಮರಾಠಿ ಮಂದಿಯಿಂದ ಬಹಳ ಮಾತು ಕೇಳಬೇಕಾಯಿತು. ಅದು ಬೇರೆಯೇ ಒಂದು ಕಥೆ, ಇಲ್ಲಿ ಬೇಡ.

ಅಮೀರ್‌ಬಾಯಿ ಮೆಟ್ರಿಕ್‌ವರೆಗೆ ಓದಿದ್ದರಂತೆ. ಆ ಕಾಲಕ್ಕೆ ಹೆಣ್ಣುಮಗಳೊಬ್ಬಳು, ಅದೂ ಹಾಡುವವರ ಮನೆಯ ಮುಸಲ್ಮಾನ ಹುಡುಗಿ, ಮೆಟ್ರಿಕ್ ತನಕ ಹೋಗುವುದೆಂದರೆ ಸಣ್ಣ ಮಾತಲ್ಲ. ನಾವು ಎಸ್ಸೆಸ್ಸೆಲ್ಸಿ ದಾಟಲು ಪಟ್ಟ ಪಾಡು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ಇನ್ನೂ ಹದಿಹರೆಯದಲ್ಲೇ ಮುಂಬಯಿಗೆ ಹೋದರು. ಎಚ್.ಎಂ.ವಿ. ಗ್ರಾಮಫೋನ್ ಕಂಪನಿಯವರು ಒಂದು ಕವ್ವಾಲಿ ಹಾಡಿಸಿದರು, ಅದರಿಂದ ದಾರಿ ತೆರೆಯಿತು. 1934ರಲ್ಲಿ ವಿಷ್ಣು ಭಕ್ತಿ ಎಂಬ ಹಿಂದಿ ಚಿತ್ರದಲ್ಲಿ ಪಾತ್ರ ಸಿಕ್ಕಿತು.

ಮುಂಬಯಿಗೇ ಯಾಕೆ ಹೋಗಬೇಕಿತ್ತು ಅಂತ ಯಾರಾದರೂ ಕೇಳಬಹುದು. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ತೆರೆಗೆ ಬಂದದ್ದು ಅದೇ 1934ರ ಮಾರ್ಚ್ 3ರಂದು. ಅದನ್ನು ತಯಾರಿಸಿದ್ದೂ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಮ್ಮವರಲ್ಲಿ ಕಲೆ ಇತ್ತು, ಯಂತ್ರ ಇರಲಿಲ್ಲ. ಅಲ್ಲದೆ ಬೀಳಗಿ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು, ಅವರಿಗೆ ಅದೇ ರಾಜಧಾನಿ. ನಮ್ಮ ಹರಪನಹಳ್ಳಿ ಮದ್ರಾಸ್ ಪ್ರಾಂತದಲ್ಲಿತ್ತು. ರಾಯಚೂರು, ಕಲಬುರ್ಗಿ ನಿಜಾಮರ ಕೈಯಲ್ಲಿ. ಕರ್ನಾಟಕ ಎಂಬ ರಾಜ್ಯವೇ ನಕ್ಷೆಯಲ್ಲಿ ಇರಲಿಲ್ಲ. ಅಂತಹ ಹೊತ್ತಿನಲ್ಲಿ ಈ ಹೆಣ್ಣುಮಗಳು ಹಿಂದಿ, ಉರ್ದು, ಗುಜರಾತಿ ಜನರ ನಡುವೆ ತನ್ನ ಹೆಸರಿನ ಮುಂದೆ ಕರ್ನಾಟಕಿ ಎಂದು ಇಟ್ಟುಕೊಂಡು ನಿಂತರು. ಏಕೀಕರಣವಾದದ್ದು 1956ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು 1973ರ ನವೆಂಬರ್ 1ರಂದು. ಅದನ್ನು ನೋಡಲು ಅವರು ಇರಲಿಲ್ಲ.

ಮೊದಮೊದಲು ಸಣ್ಣಪುಟ್ಟ ಪಾತ್ರಗಳೇ. 1940ರಲ್ಲಿ ವಿಜಯ ಭಟ್ಟರು ತೆಗೆದ ನರಸೀ ಭಗತ್ ಚಿತ್ರದಲ್ಲಿ ಅಮೀರ್‌ಬಾಯಿ ಇದ್ದರು. ಗಾಂಧೀಜಿಯವರಿಗೆ ಬಹಳ ಪ್ರಿಯವಾಗಿದ್ದ ನರಸಿ ಮೆಹತಾರ ಭಜನೆಯನ್ನು ಹಾಡಿ ಹೆಸರಾದರು. ವೈಷ್ಣವ ಸಂತನ ಪದವನ್ನು ಬೀಳಗಿಯ ಮುಸಲ್ಮಾನ ಹುಡುಗಿ ಹಾಡಿದಳು, ದೇಶ ಕೇಳಿತು. ಆಗ ಇದೇನೂ ದೊಡ್ಡ ಸುದ್ದಿ ಆಗಲಿಲ್ಲ ಎಂಬುದೇ ನಮಗೆ ದೊಡ್ಡದಾಗಿ ಕಾಣುತ್ತದೆ.

ನಿಜವಾದ ಭಾಗ್ಯ ತೆರೆದದ್ದು 1943ರಲ್ಲಿ, ಬಾಂಬೆ ಟಾಕೀಸಿನ ಕಿಸ್ಮತ್ ಚಿತ್ರದಿಂದ. ಅಶೋಕ್ ಕುಮಾರ್ ನಾಯಕ, ಮುಮ್ತಾಜ್ ಶಾಂತಿ ನಾಯಕಿ, ಅನಿಲ್ ಬಿಸ್ವಾಸರ ಸಂಗೀತ. ನಾಯಕಿಗೆ ದನಿ ಕೊಟ್ಟವರು ಅಮೀರ್‌ಬಾಯಿ. ಹಿಂದಿನ ವರ್ಷವಷ್ಟೇ ಕ್ವಿಟ್ ಇಂಡಿಯಾ ಚಳವಳಿ ಆಗಿ ದೇಶದ ತುಂಬ ಜನ ಜೈಲು ಸೇರಿದ್ದರು. ಕವಿ ಪ್ರದೀಪರು ಆ ಚಿತ್ರಕ್ಕೆ ಒಂದು ಹಾಡು ಬರೆದರು. ಹಿಂದೂಸ್ತಾನ ನಮ್ಮದು, ಪರರು ದೂರ ಸರಿಯಿರಿ ಎಂಬ ಅರ್ಥದ್ದು. ಅದರಲ್ಲಿ ಜರ್ಮನಿ, ಜಪಾನುಗಳ ಹೆಸರು ಬರುತ್ತದೆ. ಅವು ಬ್ರಿಟಿಷರ ವೈರಿ ದೇಶಗಳಾದ್ದರಿಂದ ಸೆನ್ಸಾರ್‌ನವರು ಬಿಟ್ಟರು. ಜನರಿಗೆ ಮಾತ್ರ ದೂರ ಸರಿಯಬೇಕಾದವರು ಯಾರೆಂಬುದು ಸ್ಪಷ್ಟವಿತ್ತು! ಥೇಟರುಗಳಲ್ಲಿ ಜನ ಒತ್ತಾಯ ಮಾಡಿ ರೀಲು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ಆ ಹಾಡು ಹಾಕಿಸುತ್ತಿದ್ದರೆಂಬುದು ಪ್ರಸಿದ್ಧ. ಪ್ರದೀಪರು ಬಂಧನದ ಭಯದಿಂದ ತಲೆಮರೆಸಿಕೊಳ್ಳಬೇಕಾಯಿತು. ಆ ಹಾಡಿನಲ್ಲಿ ಖಾನ್ ಮಸ್ತಾನಾ ಜೊತೆಗಿದ್ದ ಹೆಣ್ಣುದನಿ ನಮ್ಮ ಅಮೀರ್‌ಬಾಯಿಯವರದು. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಕಿಸ್ಮತ್ ಮೂರು ವರ್ಷಕ್ಕೂ ಮೇಲೆ ಓಡಿತು.

1944ರಲ್ಲಿ ನೌಷಾದರ ರತನ್ ಬಂತು. ಅದೇ ವರ್ಷ ಭರ್ತೃಹರಿ ಚಿತ್ರದಲ್ಲಿ ಸುರೇಂದ್ರರೊಂದಿಗೆ ಹಾಡಿದ ಭಿಕ್ಷೆಯ ಹಾಡು ಬೀದಿ ಬೀದಿಯಲ್ಲಿ ಕೇಳಿಸಿತು. 1946ರಲ್ಲಿ ರಾಣಕದೇವಿ ಎಂಬ ಗುಜರಾತಿ ಚಿತ್ರಕ್ಕೆ ಹಾಡಿ ಗುಜರಾತಿಗಳ ಮನೆಮಾತಾದರು. 1948ರ ಶಹನಾಜ್ ಚಿತ್ರಕ್ಕೆ ಸ್ವತಃ ಸಂಗೀತ ನಿರ್ದೇಶನ ಮಾಡಿದರು. ಹೆಂಗಸರು ಆ ಪೀಠದಲ್ಲಿ ಕೂರುವುದು ಆಗಂತೂ ಅಪರೂಪ, ಈಗಲೂ ಹೆಚ್ಚೇನಿಲ್ಲ. ಕನ್ನಡ ಕೋಕಿಲ ಎಂದೂ ಅವರನ್ನು ಕರೆದರು.

ಆಗಿನ ರೆಕಾರ್ಡಿನ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ಆಲಾಪಕ್ಕೆ ಸಮಯವಿಲ್ಲ, ಮೊದಲ ಸಾಲಿನಲ್ಲೇ ಕೇಳುಗರನ್ನು ಹಿಡಿಯಬೇಕು. ಕಂಪನಿ ನಾಟಕದ ಗಾಳಿ ಉಂಡು ಬೆಳೆದವರಿಗೆ ಅದು ಒಗ್ಗಿತ್ತು. ಆದರೆ ಎಷ್ಟೋ ರೆಕಾರ್ಡುಗಳ ಮೇಲೆ ಹಾಡಿದವರ ಹೆಸರಿನ ಬದಲು ಚಿತ್ರದ ಪಾತ್ರದ ಹೆಸರು ಅಚ್ಚಾಗುತ್ತಿತ್ತು. ಬೆಳೆದವನ ಹೆಸರು ಬಿಟ್ಟು ದಲ್ಲಾಳಿಯ ಹೆಸರಲ್ಲಿ ಮಾಲು ಮಾರಿದ ಹಾಗೆ. ಬೇರೆಯವರಿಗೆ ಹಾಡಿಗೆ ಐನೂರು ರೂಪಾಯಿ ಸಿಕ್ಕರೆ ಇವರಿಗೆ ಸಾವಿರ ಎಂಬ ಮಾತು ಉಳಿದು ಬಂದಿದೆ.

ಆ ದುಡ್ಡು ಎಲ್ಲಿಗೆ ಹೋಯಿತು ಎಂಬುದೇ ನೋವಿನ ಸಂಗತಿ. ಅವರು ಮದುವೆಯಾದದ್ದು ಹಿಮಾಲಯವಾಲಾ ಎಂಬ ಖಳನಟನನ್ನು. ಆತ ಮನೆಯಲ್ಲೂ ಖಳನೇ ಆದ ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಹೊಡೆತ ಬಡಿತ ಒಂದು ಕಡೆ, ಗಳಿಸಿದ್ದನ್ನೆಲ್ಲ ಕಸಿದುಕೊಳ್ಳುವುದು ಇನ್ನೊಂದು ಕಡೆ. ಊರೆಲ್ಲ ಕೇಳುವ ದನಿ, ಮನೆಯೊಳಗೆ ಉಸಿರೆತ್ತುವ ಹಾಗಿಲ್ಲ. ಸಂಘದಲ್ಲಿ ಸಾಲದ ಅರ್ಜಿ ನೋಡುವ ನಮಗೆ ಇದು ಹೊಸದೇನಲ್ರಿ. ಎಮ್ಮೆ ಸಾಲ ಹೆಂಡತಿಯ ಹೆಸರಲ್ಲಿ, ಸಗಣಿ ಬಾಚುವುದು ಹಾಲು ಹಿಂಡುವುದು ಆಕೆ, ಬಟವಾಡೆ ದಿನ ಕೈ ಚಾಚುವವನು ಮಾತ್ರ ಗಂಡ. ಹೆಬ್ಬೆಟ್ಟು ಆಕೆಯದು, ರೊಕ್ಕ ಅವನದು. ಸಾವಿರ ರೂಪಾಯಿಯ ಗಾಯಕಿಯ ಗತಿಯೂ ಅದೇ ಆಗಿತ್ತು. ವ್ಯತ್ಯಾಸ ಎಂದರೆ ಅಮೀರ್‌ಬಾಯಿ ಸುಮ್ಮನೆ ಸಹಿಸಿಕೊಂಡು ಕೂರಲಿಲ್ಲ. ವಿಚ್ಛೇದನ ಪಡೆದು ಹೊರಬಂದರು. ಆತ ಪಾಕಿಸ್ತಾನಕ್ಕೆ ಹೊರಟುಹೋದ. ಮುಂದೆ ಪಾರಸ್ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರೊಂದಿಗೆ ಮದುವೆಯಾಗಿ, ಆ ಸಂಸಾರ ನೆಮ್ಮದಿಯಿಂದ ನಡೆಯಿತು.

ಅಷ್ಟರಲ್ಲಿ ಕಾಲ ತಿರುಗಿತ್ತು. ದೇಶ ಒಡೆದು ನೂರ್‌ಜಹಾನ್ ಆ ಕಡೆ ಹೋದರು. 1949ರಲ್ಲಿ ಮಹಲ್, ಬರ್ಸಾತ್ ಚಿತ್ರಗಳಿಂದ ಲತಾ ಮಂಗೇಶ್ಕರರ ಎಳೆಯ, ಸಣ್ಣ ದನಿ ಎಲ್ಲ ಕಡೆ ಹಬ್ಬಿತು. ಮೈಕು ಸುಧಾರಿಸಿದ ಮೇಲೆ ಪಿಸುಮಾತಿನ ಹಾಡಿಗೆ ಬೆಲೆ ಬಂತು, ಗಟ್ಟಿ ಕಂಠದ ಜೋಹ್ರಾಬಾಯಿ, ಅಮೀರ್‌ಬಾಯಿ ಅವರಿಗೆಲ್ಲ ಕರೆ ಕಡಿಮೆಯಾಯಿತು. ಅವರ ಹಾಡಿಗೆ ಏನೂ ಕುಂದು ಬಂದಿರಲಿಲ್ಲ, ಕೇಳುವವರ ಕಿವಿ ಬದಲಾಗಿತ್ತು ಎಂದು ನಮ್ಮ ಅಭಿಪ್ರಾಯ. ಹೊಟ್ಟೆಪಾಡು ನಿಲ್ಲುವುದಿಲ್ಲವಲ್ಲ, ಮತ್ತೆ ನಟನೆಗೆ ಬಂದು ಪೋಷಕ ಪಾತ್ರಗಳನ್ನು ಮಾಡಿದರು. ನಾಯಕಿಗೆ ದನಿಯಾಗಿದ್ದವರು ನಾಯಕಿಯ ತಾಯಿಯ ವಯಸ್ಸಿಗೆ ಬಂದಿದ್ದರು.

ಊರಿನ ನಂಟನ್ನು ಮಾತ್ರ ಬಿಡಲಿಲ್ಲ. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಎದ್ದಿತು. ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡರು. ಸತಿ ಸುಲೋಚನ ತೆರೆಗೆ ಬಂದು ಅಂದಿಗೆ ಸರಿಯಾಗಿ 31 ವರ್ಷ. ವಿಜಾಪುರದ ಮಣ್ಣಿನಲ್ಲೇ ಅವರನ್ನು ಮಣ್ಣು ಮಾಡಿದರು.

ನಮ್ಮ ಮನೆಗಳಲ್ಲಿ ರೇಡಿಯೋದ ಹಳೆ ಹಿಂದಿ ಹಾಡು ಕೇಳಿದವರು ಬಹಳ. ಅದರಲ್ಲಿ ಒಂದು ದನಿ ಬೀಳಗಿಯದು ಎಂದು ತಿಳಿದವರು ಕಡಿಮೆ. ಅವರು ತೀರಿದ 47 ವರ್ಷಗಳ ಮೇಲೆ, 2012ರಲ್ಲಿ, ರಹಮತ್ ತರೀಕೆರೆಯವರು ಊರೂರು ತಿರುಗಿ ವಿವರ ಕೂಡಿಸಿ ಕನ್ನಡದಲ್ಲಿ ಅವರ ಜೀವನ ಚರಿತ್ರೆ ಬರೆದರು. ಸಂಘದ ಕಚೇರಿಗೆ ಪೇಪರು ಓದಲು ಬರುವ ಹುಡುಗರು ಅದನ್ನು ತರಿಸಿ ಓದಬೇಕು.